ಮಹಡಿಯ ಮೇಲೆ ನಿಂತ ನೀರು

ಮೊನ್ನೆ ಇಂದಿರಾನಗರದ ಒಂದು ಮನೆಯಲ್ಲಿ ಬಚ್ಚಲಿಗೆ ಟೈಲ್ಸ್ ಕೂರಿಸುತ್ತಿದ್ದೆ. ಪಕ್ಕದ ಸೈಟಿನಲ್ಲಿ ಹೊಸ ಕಂಬಗಳಿಗೆ ಗೋಣಿತಾಟು ಸುತ್ತಿ ನೀರು ಹೊಡೆಯುತ್ತಿದ್ದರು. ಕಿಟಕಿಯಿಂದ ಆ ಹಸಿ ಗೋಣಿಯ ವಾಸನೆ ಒಳಗೆ ಬಂತು. ನನ್ನ ಕೈ ಹಾಗೇ ನಿಂತುಬಿಟ್ಟಿತು.

"ಏನ್ ಗುರು, ಟೈಲ್ ಹಿಡ್ಕೊಂಡು ಧ್ಯಾನ ಮಾಡ್ತಿದ್ದೀಯಾ?" ಎಂದ ಜೊತೆಗಾರ.

ನಕ್ಕು ಕೆಲಸ ಮುಂದುವರಿಸಿದೆ. ಮನಸ್ಸು ಮಾತ್ರ ಕೆ.ಆರ್. ಪುರಂ ಸಂತೆಯ ಆಚೆ, ರೈಲು ಹಳಿ ದಾಟಿ, ನಮ್ಮ ಸಮುದಾಯ ಭವನದ ಮಹಡಿ ಹತ್ತಿ ಕೂತಿತ್ತು. ಅಲ್ಲಿ ಕಳೆದ ಒಂದು ಮಳೆಗಾಲದ ಸಂಗತಿ ಹೇಳಬೇಕಿದೆ. ನಮ್ಮವರಿಗೆಲ್ಲ ಗೊತ್ತಿರುವ ಸಂಗತಿಯೇ. ಆದರೂ ನನ್ನ ಕೈಯಿಂದ ಬರೆದು ಹೇಳಿದರೆ ಎದೆ ಸ್ವಲ್ಪ ಹಗುರಾದೀತು.

ಭವನ ದೊಡ್ಡದೇನಲ್ಲ. ಮುಂದೊಂದು ಹಾಲ್, ಹಿಂದೊಂದು ಕೋಣೆ, ಪಕ್ಕಕ್ಕೆ ತಗಡಿನ ಅಡುಗೆಮನೆ. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಆ ಜಾಗ ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲಿನ ಬೌದ್ಧ ಕುಟುಂಬಗಳವರು ತಾವೇ ಬಾಂಡ್ಲಿ ಹೊತ್ತು, ಸೂರಿಗೆ ಕಾಂಕ್ರೀಟಿನ ಮೋಲ್ಡು ಹಾಕಿ ಕಟ್ಟಿಕೊಂಡದ್ದು. ಆಮೇಲೆ ಹಳ್ಳಿ ಬೆಂಗಳೂರಿನ ಹೊಟ್ಟೆಯೊಳಗೆ ಹೋಯಿತು. ಹತ್ತಿರದ ಕಾರ್ಖಾನೆ ಮುಚ್ಚಿತು, ಊರಿನ ಹುಡುಗರು ಕೆಲಸ ಹುಡುಕಿಕೊಂಡು ದಿಕ್ಕಾಪಾಲಾದರು, ಭವನ ಬಾವಲಿಗಳ ಪಾಲಾಯಿತು. ಸುತ್ತ ಬಾಡಿಗೆ ಕೋಣೆಗಳ ಸಾಲು ಎದ್ದಿತು. ಅವುಗಳಲ್ಲಿ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಬಂದ ನಮ್ಮಂಥವರು ತುಂಬಿಕೊಂಡೆವು.

ನನ್ನ ಅಕ್ಕ ಶರಣಮ್ಮ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅವ್ವ ತೀರಿದ ಮೇಲೆ ನನ್ನನ್ನು ಬಗಲಲ್ಲಿ ಎತ್ತಿಕೊಂಡೇ ಹತ್ತಿ ಬಿಡಿಸಿದವಳು. ನಾನು ಆರನೇ ಈಯತ್ತೆಗೆ ಶಾಲೆ ಬಿಟ್ಟಾಗ ಅವಳು ಒಂದು ದಿನವಿಡೀ ಉಂಡಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅವಳೂ ಬೇರೆ ಹೆಂಗಸರ ಹಾಗೆ ಅಪಾರ್ಟ್‌ಮೆಂಟಿನಲ್ಲಿ ಕಸ ಮುಸುರೆ ಮಾಡಿದಳು. ತಾಯಂದಿರು ಕೆಲಸಕ್ಕೆ ಹೋದಾಗ ಕೂಸುಗಳು ಮರಳಿನ ಗುಡ್ಡೆಯ ಪಕ್ಕ, ಬೀಗ ಹಾಕಿದ ಕೋಣೆಯೊಳಗೆ ಅಳುತ್ತಿದ್ದವು. ಅದನ್ನು ನೋಡಲಾರದೆ ಒಂದು ದಿನ ಭವನದ ಉಸ್ತುವಾರಿಯಲ್ಲಿದ್ದ ರತ್ನಮ್ಮನವರ ಮನೆಗೆ ಹೋದಳು. ರತ್ನಮ್ಮ ಆ ಊರಿನವರೇ. ಅವರ ತಂದೆ ಭವನ ಕಟ್ಟಿದವರಲ್ಲಿ ಒಬ್ಬರು.

ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಿನ್ನ ಹೊಲದ ಕಳೆಗೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ. ಕೂಲಿಯಿಲ್ಲ, ಬರೆದಿಡುವುದಿಲ್ಲ. ಆದರೆ ಮುಯ್ಯಿ ತೀರಿಸದವನ ಹೊಲಕ್ಕೆ ಮರುವರ್ಷ ಯಾರೂ ಕಾಲಿಡುವುದಿಲ್ಲ. ಅಕ್ಕ ಅದನ್ನೇ ಭವನಕ್ಕೆ ತಂದಳು. ಕೂಸು ಬಿಟ್ಟು ಹೋಗುವವಳು ವಾರಕ್ಕೊಂದು ದಿನ ಎಲ್ಲರ ಕೂಸುಗಳನ್ನು ನೋಡಿಕೊಳ್ಳಬೇಕು, ಅಷ್ಟೆ.

"ಹಳ್ಳಿ ಪದ್ಧತಿ ಇಲ್ಲಿ ನಡೆಯುತ್ತೇನಮ್ಮಾ?" ಎಂದು ರತ್ನಮ್ಮ ಅನುಮಾನಿಸಿದ್ದರು.

"ಕೂಸಿನ ಹೊಟ್ಟಿಗಿ ಹಳ್ಳಿ ಯಾವ್ದು, ಸಿಟಿ ಯಾವ್ದು ರತ್ನಮ್ಮಾರೆ?" ಎಂದಳು ಅಕ್ಕ.

ನಡೆಯಿತು. ಹಿಂದಿನ ಕೋಣೆಯಲ್ಲಿ ಸೀರೆ ಜೋಳಿಗೆಗಳು ತೂಗಿದವು. ಮಧ್ಯಾಹ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಸಂಜೆ ದೊಡ್ಡ ಮಕ್ಕಳಿಗೆ ಪಾಠ. ಶಿವಾಜಿನಗರದಿಂದ ನಮ್ಮ ವಠಾರಕ್ಕೆ ಬಂದಿದ್ದ ನವಾಜ್, ಲೋಡ್ ಆಟೊ ಓಡಿಸುವವನು, ಹಲಸೂರು ಮಾರ್ಕೆಟ್ಟಿನಲ್ಲಿ ಉಳಿದ ತರಕಾರಿ ತಂದು ಹಾಕುತ್ತಿದ್ದ. "ದೀದಿ, ನನ್ ಮುಯ್ಯಿ ತೀರ್ತು. ಈಗ ಎರಡು ರೊಟ್ಟಿ ಕೊಟ್ರೆ ನಿಮ್ದೂ ತೀರುತ್ತೆ" ಎನ್ನುತ್ತಿದ್ದ.

ಒಂದು ಬೇಸಿಗೆಯ ಕೊನೆಗೆ ಮಹಡಿ ಸೋರುವ ಲಕ್ಷಣ ಕಂಡಿತು. ವಾರ್ಡ್ ಆಫೀಸಿನವರು ಮುಂದಿನ ವರ್ಷ ನೋಡೋಣ ಎಂದರು. ಮಳೆ ಮುಂದಿನ ವರ್ಷದವರೆಗೆ ಕಾಯುತ್ತದೆಯೇ? "ನಾವ ಮಾಡಂ. ಗಾರೆಯೋರು ಇಷ್ಟ ಮಂದಿ ಇದ್ದೀವಿ" ಎಂದಳು ಅಕ್ಕ. ಎರಡು ಭಾನುವಾರ ಎಲ್ಲರೂ ಏಣಿ ಹತ್ತಿದರು. ಮೇಲಿನ ಕೆಲಸದ ಮುಂದಾಳು ನಾನು. ಹಳೆಯ ಬಿರುಕು ಕೆತ್ತಿ, ನೀರು ತಡೆಯುವ ಪೌಡರ್ ಕಲಸಿದ ಗಾರೆ ಹಾಕಿ ನುಣ್ಣಗೆ ತೀಡಿದೆ. ಆಮೇಲೆ ಪರೀಕ್ಷೆ. ಇಂಥ ಕೆಲಸ ಆದಮೇಲೆ ಮಳೆನೀರು ಇಳಿಯುವ ಪೈಪಿನ ಬಾಯಿಗೆ ಗೋಣಿತಾಟು ತುರುಕಿ, ಮೇಲೆ ಗಾರೆ ಮೆತ್ತಿ, ಮಹಡಿ ತುಂಬ ಎರಡು ಮೂರು ದಿನ ನೀರು ನಿಲ್ಲಿಸುತ್ತೇವೆ. ಕೆಳಗೆ ಹನಿ ಬೀಳದಿದ್ದರೆ ಕೆಲಸ ಪಾಸು. ಗೋಣಿ ಕಿತ್ತು ನೀರು ಬಿಡಬೇಕು.

ಭವನದ ಮಹಡಿ ಎರಡು ಭಾಗ, ನಡುವೆ ಗೇಣೆತ್ತರದ ದಿಂಡು. ಮುಂದಿನ ಹಾಲ್‌ಗೊಂದು ಪೈಪು, ಹಿಂದಿನ ಕೋಣೆಗೊಂದು. ಹಿಂದಿನದು ನೀರಿನ ಟ್ಯಾಂಕಿನ ಮರೆಯಲ್ಲಿದೆ. ಎರಡನ್ನೂ ಮುಚ್ಚಿ ಮೂರು ದಿನ ನೀರು ನಿಲ್ಲಿಸಿದೆವು, ಒಂದು ಹನಿಯೂ ಬೀಳಲಿಲ್ಲ. ಕೆಳಗೆ ಹೆಂಗಸರು ಕೇಕೆ ಹಾಕಿದರು. ನಾನು ಮುಂದಿನ ಗೋಣಿ ಕಿತ್ತೆ. ಅಷ್ಟರಲ್ಲಿ ಫೋನು. ಇಂದಿರಾನಗರದ ದೊಡ್ಡ ಮನೆಯೊಂದಕ್ಕೆ ಇಟಲಿ ಕಲ್ಲು ಹಾಸಲು ಕೈಚಳಕದವನು ಬೇಕಂತೆ, ಈಗಲೇ ಬಂದರೆ ನೀನೇ ಮುಖ್ಯ ಎಂದರು. ನನಗೆ ನೆಲ ಕಾಣಲಿಲ್ಲ. ಏಣಿ ಇಳಿದು ಓಡಿದೆ.

"ಎಲ್ಲಾ ಆತೇನೋ ತಮ್ಮಾ?" ಎಂದು ಅಕ್ಕ ಕೇಳಿದಳು.

"ಎಲ್ಲಾ ಆತಕ್ಕ."

ಮಳೆ ಅದೇ ವಾರ ಶುರುವಾಯಿತು. ದಿನವೂ ಸಂಜೆ ಸುರಿದು, ಬೆಳಗ್ಗೆ ಜಿಟಿಜಿಟಿ. ಎರಡು ವಾರ ಹೀಗೇ ಕಳೆದ ಮೇಲೆ ಅಕ್ಕನ ಫೋನು ಬಂತು. "ಕೂಸುಗಳ ಕೋಣೆ ಮಾಳಿಗಿ ಕರ್ರಗಾಗ್ಯಾದ. ಒಂದ್ಸಲ ಬಂದು ನೋಡು." ನಾಳೆ ಬರುತ್ತೇನೆ ಎಂದೆ. ಮರುದಿನವೂ ನಾಳೆ ಎಂದೆ. ಕಲ್ಲು ಹಾಸುವ ಮನೆಯ ಯಜಮಾನರು ನನ್ನ ಕೆಲಸ ಹೊಗಳುತ್ತಿದ್ದರು. ಹೊಗಳಿಕೆ ನನಗೆ ಹೊಸದು.

ಮೂರನೆಯ ದಿನ ಬೆಳಗ್ಗೆ ರತ್ನಮ್ಮ ಕೋಣೆ ಗುಡಿಸುತ್ತಿದ್ದಾಗ ಸೂರಿನ ಗಾರೆ ಚಪ್ಪಡಿಯಷ್ಟಗಲ ಕಳಚಿ ಬಿತ್ತು. ಅವರ ಪಾದ ಜಜ್ಜಿತು. ಬಿದ್ದ ಜಾಗ ಯಾವುದೆಂದರೆ, ಇನ್ನೊಂದು ಗಳಿಗೆ ಕಳೆದಿದ್ದರೆ ಕೂಸುಗಳು ಸಾಲಾಗಿ ಮಲಗುವ ಚಾಪೆ.

ನಾನು ಬಂದು ಮೊದಲು ಏಣಿ ಹತ್ತಿದೆ. ಟ್ಯಾಂಕಿನ ಹಿಂದೆ ದಿಂಡಿನ ಮಟ್ಟಕ್ಕೆ ನೀರು ನಿಂತಿತ್ತು. ಕೈ ಇಳಿಬಿಟ್ಟೆ. ಗೋಣಿ ಹಾಗೇ ಇತ್ತು, ಕೊಳೆತು ನಾರುತ್ತಿತ್ತು. ಕಿತ್ತೆ. ನೀರು ಭೋರೆಂದು ಇಳಿಯಿತು. ಆ ಗೋಣಿಯನ್ನು ಕೈಯಲ್ಲಿ ಹಿಡಿದುಕೊಂಡು ಕೆಳಗಿಳಿದಿದ್ದರೆ ನಾನು ಇವತ್ತು ಇದನ್ನು ಬರೆಯಬೇಕಿರಲಿಲ್ಲ. ಹಿಂದಿನ ರಾಜಕಾಲುವೆಗೆ ಎಸೆದೆ. ಇಳಿದು ಬಂದಾಗ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಹಳೇ ಮೋಲ್ಡು ಯಕ್ಕಾ" ಎಂದೆ. "ಊರಿನೋರು ಆಗ ಹೆಂಗ್ಹೆಂಗೋ ಹಾಕ್ಯಾರ. ತಡೀಲಿಲ್ಲ."

ಆ ಮಾತು ನನಗಿಂತ ಮುಂದೆ ನಡೆಯಿತು. ವಾರ್ಡ್ ಆಫೀಸಿನಿಂದ ಒಬ್ಬ ಇಂಜಿನಿಯರ್ ಮೇಡಂ ಬಂದರು. ಒದ್ದೆ ಸೂರು ನೋಡಿದರು, ರತ್ನಮ್ಮನ ಪಾದ ನೋಡಿದರು, ಮೇಲಿನ ಕೆಲಸ ಮಾಡಿದ್ದು ಯಾರು ಎಂದು ನನ್ನನ್ನು ಕರೆದು ಕೇಳಿದರು. ಅವರಿಗೂ ಅದನ್ನೇ ಹೇಳಿದೆ. ಕಟ್ಟಡ ಅಪಾಯದ್ದು ಎಂದು ಬರೆದು, ಅಡುಗೆ ತೊಟ್ಟಿಲ ಸಾಮಾನು ಹೊರಗಿಡಿಸಿ, ಬೀಗ ಜಡಿಸಿ ಹೋದರು.

ಬೈಗುಳ ಬಂದದ್ದು ಅಕ್ಕನ ಪಾಲಿಗೆ. ನಮ್ಮ ಕಡೆಯ ಹಿರಿಯ ಮೇಸ್ತ್ರಿ ಹುಲುಗಪ್ಪ ಕಾಕಾ ಚಹಾ ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಆಫೀಸಿನೋರು ಮಾಡ್ತೀವಂದಿದ್ರು. ಈಕಿಗಿ ತಡೀಲಿಲ್ಲ. ಹಳೇ ಮಾಳಿಗಿ ಮ್ಯಾಲ ಸಿಮೆಂಟ್ ಹೇರಿಸಿದ್ಲು. ಈಗ ಬಾಬಾಸಾಹೇಬರನ್ನೂ ಒಳಗ ಹಾಕಿ ಬೀಗ ಜಡಿಸಿದ್ಲು ನೋಡ್ರಿ."

ಆ ದಿನ ಅಕ್ಕ ನನ್ನ ಕೋಣೆಗೆ ಬಂದಳು. "ಖರೇ ಹೇಳು ತಮ್ಮಾ. ನಾನ ಭಾರ ಹೇರಿಸಿದೆನೇನು? ಕೂಸುಗಳ ಮ್ಯಾಲ ಬೀಳ್ತಿತ್ತಲ್ಲೋ."

"ಹೋಗ್ಲಿ ಬಿಡಕ್ಕ" ಎಂದೆ. ಇಲ್ಲ ಎನ್ನಲಿಲ್ಲ. ನನ್ನ ಬಾಳಿನಲ್ಲಿ ನಾನಾಡಿದ ಅತಿ ಕೆಟ್ಟ ಮಾತು ಅದೇ. ಬೈಗುಳವಲ್ಲ, ಸುಳ್ಳೂ ಅಲ್ಲ. ಹೋಗ್ಲಿ ಬಿಡಕ್ಕ.

ಮರುದಿನ ನಾನು ಎದ್ದಾಗ ಬೀದಿಯಲ್ಲಿ ಗದ್ದಲ. ಭವನ ಮುಚ್ಚಿತು, ಇನ್ನು ಕೂಸುಗಳು ಮತ್ತೆ ಮರಳಿನ ಗುಡ್ಡೆಗೆ ಎಂದುಕೊಂಡಿದ್ದೆ. ನೋಡಿದರೆ ನವಾಜನ ಲೋಡ್ ಆಟೊದಲ್ಲಿ ತೊಟ್ಟಿಲ ಸೀರೆಗಳು, ಚಾಪೆ, ರೊಟ್ಟಿ ಕಲ್ಲು, ಹಾಲಿನ ಕ್ಯಾನು. ಅಕ್ಕ ಮುಂದೆ ಕೂತಿದ್ದಾಳೆ. ಮುಖ ಊದಿತ್ತು, ರಾತ್ರಿಯೆಲ್ಲ ಅತ್ತಿರಬೇಕು. ದನಿ ಮಾತ್ರ ಗಟ್ಟಿ. "ಬೀಗ ಗೋಡಿಗಿ ಹಾಕ್ಯಾರ. ನಮಗ ಹಾಕಿಲ್ಲ. ಎತ್ರಿ ಸಾಮಾನು."

ಆ ಮಳೆಗಾಲವಿಡೀ ಭವನ ಊರು ಸುತ್ತಿತು. ಸೋಮವಾರ ರತ್ನಮ್ಮನ ಜಗಲಿ, ಮಂಗಳವಾರ ನವಾಜನ ಕೋಣೆಯ ಮುಂದಿನ ಶೆಡ್ಡು, ಬುಧವಾರ ಹೂವಿನ ಅಂಗಡಿಯವರ ಮಾಳಿಗೆ. ಜಜ್ಜಿದ ಕಾಲಿಗೆ ಬಟ್ಟೆ ಸುತ್ತಿಕೊಂಡು ರತ್ನಮ್ಮ ಕುರ್ಚಿಯಲ್ಲಿ ಕೂತು ನಾಲ್ಕು ಜೋಳಿಗೆಗಳನ್ನು ಒಂದೇ ಹಗ್ಗದಿಂದ ತೂಗುತ್ತಿದ್ದರು. ಸಂಜೆಯ ಪಾಠ ಮೆಟ್ರೊ ಕಂಬದ ಕೆಳಗೆ. ಮೇಲೆ ರೈಲು ಹೋಗುವಾಗ ಮಕ್ಕಳು ಮಗ್ಗಿಯನ್ನು ಇನ್ನೂ ಜೋರಾಗಿ ಕೂಗುತ್ತಿದ್ದರು. ಒಮ್ಮೆ ಮಳೆ ಓರೆ ಬೀಸಿ ಪುಸ್ತಕವೆಲ್ಲ ನೆನೆಯಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ತನ್ನ ಕೊಡೆ ಬಿಚ್ಚಿ ಮಕ್ಕಳ ಮೇಲೆ ಹಿಡಿದು ಪಾಠ ಮುಗಿಯುವವರೆಗೆ ನಿಂತಳು. ಮರುವಾರ ತಾನೇ ಪಾಠಕ್ಕೆ ಬಂದಳು, ಬೆನ್ಸನ್ ಟೌನಿನ ಶಾಲೆಯೊಂದರ ಟೀಚರ್ ಅಂತೆ. "ಒಂದು ದಿನಾನೂ ನಿಲ್ಲಬಾರ್ದು. ನಿಂತ್ರ ಮುಯ್ಯಿ ಹರೀತದ" ಎನ್ನುತ್ತಿದ್ದಳು ಅಕ್ಕ. ಒಂದು ದಿನವೂ ನಿಲ್ಲಲಿಲ್ಲ.

ನಾನು ಅವರಿಗೆ ತಾಡಪಾಲು ಕಟ್ಟಿಕೊಟ್ಟೆ, ಬಿದಿರು ಹೊತ್ತೆ, ಯಾರಿಗೂ ಬೇಡದ ಕೆಲಸವನ್ನೆಲ್ಲ ಹುಡುಕಿ ಮಾಡಿದೆ. ನವಾಜ್ ಒಮ್ಮೆ, "ಭೀಮಾ, ಏನ್ ಮಗಾ, ಅಳಿಯ ಮಾವನ ಮನೇಲಿ ದುಡಿದಂಗೆ ದುಡೀತಿದ್ದೀಯ!" ಎಂದು ಬೆನ್ನು ತಟ್ಟಿದ. ಆ ಕೈ ಬಿದ್ದ ಜಾಗ ಉರಿಯಿತು.

ಮಳೆ ಇಳಿಮುಖವಾದಾಗ ಸುದ್ದಿ ಬಂತು. ಭವನ ಕೆಡವಿ ಆ ಜಾಗದಲ್ಲಿ ಕಸದ ಗಾಡಿಗಳನ್ನು ನಿಲ್ಲಿಸುತ್ತಾರಂತೆ. ಭಾನುವಾರ ಬೆಳಗ್ಗೆ ರತ್ನಮ್ಮನ ಜಗಲಿಯಲ್ಲಿ ಎಲ್ಲರೂ ಸೇರಿದರು. ಜನ ಬೀದಿಯವರೆಗೆ ತುಂಬಿದ್ದರು. ಆಫೀಸಿಗೆ ಹೋಗಿ ಕೂರೋಣ ಎಂದರು ಕೆಲವರು. ಕೆಡವಿದ ಮೇಲೆ ಹೊಸದು ಕಟ್ಟಿಕೊಡಿ ಅಂತ ಕೇಳೋಣ ಎಂದರು ಇನ್ನು ಕೆಲವರು. ಹುಲುಗಪ್ಪ ಕಾಕಾ, "ಮುರುಕು ಮಾಳಿಗಿ ಉಳಿಸ್ರಿ ಅಂತ ಯಾವ ಬಾಯಿಂದ ಕೇಳ್ತೀರಿ?" ಎಂದ.

ಆಗ ರತ್ನಮ್ಮ ಮಾತಾಡಿದರು. "ನಮ್ಮಪ್ಪ ಆ ಮೋಲ್ಡಿಗೆ ಇಡೀ ದಿನ ಬಾಂಡ್ಲಿ ಹೊತ್ತಿದ್ದ. ಸಾಯೋವರೆಗೂ ಅದನ್ನೇ ಹೇಳೋನು, ನಾನು ಹಾಕಿದ ಮೋಲ್ಡು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ ಅಂತ. ನಾನು ಊರೆಲ್ಲ ಹೇಳ್ಕೊಂಡು ಬಂದೆ. ಈಗ ಅದೇ ನನ್ನ ಕಾಲ ಮೇಲೆ ಬಿತ್ತು. ಏನ್ ಮಾಡೋದು, ಪಾಪ, ಅವನಿಗೆ ಅಷ್ಟು ಗೊತ್ತಿರಲಿಲ್ಲವೇನೋ. ಬಿಟ್ಟುಬಿಡೋಣ. ಕೆಡವಲಿ."

ಅವರು ಅಳಲಿಲ್ಲ. ತಂದೆಯ ತಪ್ಪಿಗೆ ತಾವು ನಾಚಿದವರ ಹಾಗೆ ಸೆರಗು ಸರಿಮಾಡಿಕೊಂಡರು. ನನಗೆ ತಡೆಯಲಾಗಲಿಲ್ಲ.

"ನಿಮ್ಮಪ್ಪಂದೇನೂ ತಪ್ಪಿಲ್ಲ ರತ್ನಮ್ಮಾರೆ" ಎಂದು ಎದ್ದು ನಿಂತೆ. "ಹಿಂದಿನ ಪೈಪಿನ ಗೋಣಿ ಕೀಳೋದು ನಾನು ಮರ್ತೆ. ನೀರು ಅಲ್ಲೇ ನಿಂತು ಇಳೀತು. ಬಿದ್ದ ದಿನ ನಾನೇ ಕಿತ್ತು ಕಾಲುವಿಗಿ ಒಗದೀನಿ. ಮೋಲ್ಡಿಗಿ ಏನೂ ಆಗಿಲ್ಲ. ಬಿದ್ದದ್ದು ಕೆಳಗಿನ ಗಾರೆ ಅಷ್ಟ. ಅಕ್ಕಂದೂ ತಪ್ಪಿಲ್ಲ. ಎಲ್ಲಾ ನಂದ."

ನವಾಜ್, "ಯಾ ಅಲ್ಲಾ, ಮೂರು ತಿಂಗಳು ಸುಮ್ನೆ ನನ್ ಕೈಲಿ ಗಾಡಿ ಓಡಿಸ್ದೆಯಲ್ಲೋ!" ಎಂದ. ನಾನು ಅಕ್ಕನನ್ನೇ ನೋಡುತ್ತಿದ್ದೆ. ಹೊಡೆಯಲಿ ಎಂದು ಕಾದೆ. ಅವಳು ನನ್ನ ಹತ್ತಿರ ಬಂದು ನಿಂತಳು.

"ಮೋಲ್ಡ್ ಗಟ್ಟಿ ಅದ ಅಂತೀ?"

"ಗಟ್ಟಿ ಅದ ಅಕ್ಕ."

"ಅವ್ವನ ಆಣಿ?"

"ಅವ್ವನ ಆಣಿ."

ಅವಳು ನನ್ನನ್ನು ಬಿಟ್ಟು ಜನರ ಕಡೆ ತಿರುಗಿದಳು. ಮುಖ ಬೆಳಗಿತ್ತು. ಮೂರು ತಿಂಗಳಿಂದ ಆ ಮುಖದ ಮೇಲೆ ಅಂಥ ಬೆಳಕು ಕಂಡಿರಲಿಲ್ಲ. "ಕೇಳಿದ್ರೇನು? ಗಟ್ಟಿ ಅದ ಅಂತ! ಕೆಡವೋದು ಯಾಕ? ಏಳ್ರಿ, ಏಳ್ರಿ, ರತ್ನಮ್ಮಾರೆ, ನಿಮ್ಮಪ್ಪ ಖರೇ ಹೇಳ್ಯಾರ!" ರತ್ನಮ್ಮ ಆಗ ಅತ್ತರು. ಅಕ್ಕ ಅವರನ್ನು ತಬ್ಬಿಕೊಂಡಳು. ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ನನ್ನ ಕಡೆ ಯಾರೂ ನೋಡಲಿಲ್ಲ. ನನ್ನ ತಪ್ಪು ಅವರಿಗೆ ಶುಭ ಸುದ್ದಿಯಾಗಿತ್ತು.

ಮರುದಿನ ನಾನೊಬ್ಬನೇ ಅಲ್ಲ, ಬೀದಿಗೆ ಬೀದಿಯೇ ಆಫೀಸಿಗೆ ಬಂತು. ಇಂಜಿನಿಯರ್ ಮೇಡಂ ಎದುರು ಮತ್ತೆ ಎಲ್ಲವನ್ನೂ ಹೇಳಿದೆ. ಅವರಿಗೆ ಸಿಟ್ಟು ಬಂತು, ಬರಬೇಕಾದದ್ದೇ. "ಅವತ್ತು ನೀವು ಹೇಳಿದ್ದನ್ನು ನಂಬಿ ಬರ್ದಿದ್ದೀನಿ ಕಣ್ರೀ. ಈಗ ಇದನ್ನ ಹೇಗೆ ನಂಬಲಿ?" ಎಂದರು. ಆದರೂ ಬಂದರು. ಬೀಗ ತೆಗೆಸಿ, ಸುತ್ತಿಗೆ ಹಿಡಿದು ಏಣಿ ಹತ್ತಿ ಸೂರನ್ನು ಒಂದೊಂದೇ ಅಡಿ ಬಡಿಯುತ್ತಾ ಹೋದರು. ಬಾಗಿಲ ಹೊರಗೆ ನಾವೆಲ್ಲ ಕಿವಿಗೊಟ್ಟು ನಿಂತಿದ್ದೆವು. ಗಾರೆ ಸಡಿಲಾದ ಕಡೆ ಪೊಳ್ಳು ಸದ್ದು ಬರುತ್ತಿತ್ತು. ಆಗೆಲ್ಲ ಅಕ್ಕ ರತ್ನಮ್ಮನ ಕೈ ಹಿಸುಕುತ್ತಿದ್ದಳು. ಮೇಡಂ ಸಡಿಲ ಗಾರೆ ಕೆಡವಿ ಒಳಗಿನ ಕಾಂಕ್ರೀಟಿಗೆ ಬಡಿದರು. ಟಣ್ ಎಂದಿತು. ಕಂಬಿಗಳನ್ನು ಟಾರ್ಚ್ ಹಾಕಿ ನೋಡಿದರು. ಇನ್ನೊಂದು ಕಡೆ ಬಡಿದರು. ಮತ್ತೆ ಟಣ್.

ಇಳಿದು ಬಂದು ಕೂದಲಲ್ಲಿದ್ದ ಪುಡಿ ಕೊಡವಿಕೊಂಡರು. "ಇದನ್ನ ಹಾಕಿದೋರು ಯಾರು?"

"ನಮ್ಮಪ್ಪ... ನಮ್ಮೂರಿನವರು" ಎಂದರು ರತ್ನಮ್ಮ.

"ಚೆನ್ನಾಗಿ ಹಾಕಿದ್ದಾರೆ. ಸೂರಿನ ಗಾರೆ ಪೂರ್ತಿ ಕಿತ್ತು ಹೊಸದಾಗಿ ಮಾಡಿ. ನಾನೇ ಬಂದು ನೋಡ್ತೀನಿ. ಸರಿಯಾಗಿದ್ರೆ ಕೆಡವೋದು ಬೇಡ ಅಂತ ಬರ್ದುಕೊಡ್ತೀನಿ."

ಮುಂದಿನ ಭಾನುವಾರ ಆ ಕೆಲಸಕ್ಕೆ ಬಂದ ಜನವನ್ನು ನಾನು ಮರೆಯಲಾರೆ. ಎಂದೋ ತಮ್ಮ ಕೂಸನ್ನು ಅಲ್ಲಿ ಬಿಟ್ಟಿದ್ದವರು, ಬೇರೆ ಕಡೆ ಕೋಣೆ ಹಿಡಿದು ಹೋಗಿದ್ದವರು, ಹಲಸೂರಿನಿಂದ, ಪುಲಿಕೇಶಿನಗರದಿಂದ ಕರಣೆ ಹಿಡಿದುಕೊಂಡು ಬಂದರು. "ನಮ್ಮ ಮುಯ್ಯಿ ಇನ್ನೂ ಉಳಿದದ ಅಕ್ಕಾರ" ಎನ್ನುತ್ತಾ ಚಪ್ಪಲಿ ಬಿಟ್ಟರು. ಬೆನ್ಸನ್ ಟೌನ್ ಟೀಚರ್ ಮರಳು ಜರಡಿ ಹಿಡಿದರು. ನವಾಜ್ ಮೂರು ಸಲ ಬಿರಿಯಾನಿಯ ದೊಡ್ಡ ಪಾತ್ರೆ ಹೊತ್ತು ತಂದ. ರತ್ನಮ್ಮ ಕುಂಟುತ್ತಲೇ ಮೊದಲ ಬಾಂಡ್ಲಿ ತಲೆಯ ಮೇಲಿಟ್ಟುಕೊಂಡರು. ಬೇಡ ಎಂದವರಿಗೆ, "ಸುಮ್ನಿರ್ರೀ, ಇದು ನಮ್ಮನೆ ಕೆಲಸ" ಎಂದರು. ಹುಲುಗಪ್ಪ ಕಾಕಾ ತಾನೇ ಮೇಸ್ತ್ರಿಯಾಗಿ ನಿಂತು ನನ್ನ ಪ್ರತಿ ತೀಡಿಗೂ, "ಒತ್ತಿ ಹಚ್ಚು ಮಗನ, ಮತ್ತ ಬೀಳಿಸ್ತಿ" ಎನ್ನುತ್ತಿದ್ದ. ಅನ್ನಿಸಿಕೊಂಡೆ. ಸಾಕೆನಿಸಲಿಲ್ಲ. ರತ್ನಮ್ಮನ ಮುಂದೆ ಕೈ ಮುಗಿದಾಗ ಅವರು, "ಕಾಲು ವಾಸಿಯಾಗುತ್ತೆ ಬಿಡಪ್ಪ. ಅಪ್ಪನ ಹೆಸರು ವಾಪಸ್ ಕೊಟ್ಟೆಯಲ್ಲ" ಎಂದರು.

ಅಕ್ಕ ಮಾತ್ರ ನನ್ನೊಡನೆ ಮಾತು ಬಿಟ್ಟಿದ್ದಳು. ಊಟ ಕಳಿಸುತ್ತಿದ್ದಳು, ಬೇರೆಯವರ ಕೈಯಲ್ಲಿ. ಎದುರಿಗೆ ಬಂದರೆ ಗೋಡೆ ನೋಡಿದ ಹಾಗೆ ನೋಡುತ್ತಿದ್ದಳು. ಗೋಣಿ ಮರೆತದ್ದಕ್ಕಲ್ಲ, ನನಗೆ ಗೊತ್ತು. ಅವಳು ಕೇಳಿದ ದಿನ ನಾನು ಇಲ್ಲ ಎನ್ನದೆ ಹೋದದ್ದಕ್ಕೆ.

ಮೇಡಂ ಬಂದು ನೋಡಿ ಒಪ್ಪಿದರು. ಒಂದು ಸೋಮವಾರ ಬೆಳಗ್ಗೆ ಭವನ ಮತ್ತೆ ತೆರೆಯಿತು. ಸುಣ್ಣ ಬಳಿದ ಗೋಡೆ, ಪಟಗಳಿಗೆ ಹೊಸ ಹಾರ, ತಗಡಿನ ಅಡುಗೆಮನೆಯಿಂದ ಹೊಗೆ. ತಾಯಂದಿರು ಕೆಲಸದ ಅವಸರದಲ್ಲೂ ಬಾಗಿಲಲ್ಲಿ ನಿಂತು ಹೊಸ ಸೂರನ್ನು ನೋಡಿ ಬಾಯಿ ತುಂಬ ನಗುತ್ತಿದ್ದರು. ಕೂಸುಗಳು ಒಂದರ ಹಿಂದೊಂದು ಒಳಗೆ ಹೋದವು. ರತ್ನಮ್ಮ ಮೆಟ್ಟಿಲ ಮೇಲೆ ಕೂತು ಬಂದವರಿಗೆಲ್ಲ, "ನಮ್ಮಪ್ಪ ಹಾಕಿದ್ದು" ಎನ್ನುತ್ತಿದ್ದರು.

ನಾನು ಬಾಗಿಲ ಪಕ್ಕ ನಿಂತಿದ್ದೆ. ಒಳಗೆ ಕಾಲಿಡುವ ಹಕ್ಕು ನನಗಿದೆಯೇ ಎಂದು ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಕ್ಕ ಬಗಲಲ್ಲೊಂದು, ಕೈಯಲ್ಲೊಂದು ಕೂಸು ಎತ್ತಿಕೊಂಡು ಬಂದಳು. ಎರಡೂ ಹಟ ಹಿಡಿದು ಅಳುತ್ತಿದ್ದವು. ನನ್ನೆದುರು ನಿಂತಳು.

"ಏನೋ, ಬರೋರಿಗಿ ಅಡ್ಡ ನಿಂತೀದಿ ಬಾಗಲದಾಗ? ಹಿಡಿ ಇದನ್ನ."

"ನನಗ ಕೂಸು ಎತ್ಕೊಳ್ಳಾಕ ಬರಲ್ಲಕ್ಕ" ಎಂದೆ.

"ನನಗೂ ಬರ್ತಿರಲಿಲ್ಲ, ನಿನ್ನ ಎತ್ಕೊಂಡಾಗ" ಎಂದಳು. "ಇನ್ಮ್ಯಾಲ ಪ್ರತಿ ಸೋಮವಾರ ನಿಂದು ಪಾಳಿ."

ಒಳಗಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಆ ಭವನದಲ್ಲಿ ಕೂಸು ಕಾಯುವ ಪಾಳಿ ಸಿಕ್ಕ ಮೊದಲ ಗಂಡಸು ನಾನೇ. ಅಕ್ಕ ಅಳುವ ಕೂಸನ್ನು ನನ್ನ ತೋಳಿಗೆ ಹಾಕಿ, ಅದರ ತಲೆಯ ಕೆಳಗೆ ನನ್ನ ಅಂಗೈಯನ್ನು ತಾನೇ ಸರಿಪಡಿಸಿ ಇಟ್ಟಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.